ಓದದೆ ಉಳಿದ ಹೆಸರು

ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವವರನ್ನು ನಾನು ಚಿಕ್ಕಂದಿನಿಂದಲೂ ಪೂರ್ತಿ ನಂಬಿದವಳಲ್ಲ. ಇದಕ್ಕೆ ನನ್ನ ಸ್ವಭಾವ ಎಷ್ಟು ಕಾರಣವೋ ನಾನು ಕೂರುತ್ತಿದ್ದ ಜಾಗವೂ ಅಷ್ಟೇ ಕಾರಣ. ನಮ್ಮೂರ ಚರ್ಚಿನಲ್ಲಿ ಪೇಟಿ ಬಾರಿಸುವ ಕೆಲಸ ನನ್ನದು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಕುಂದಗೋಳದಲ್ಲಿದ್ದ ಸೋದರಮಾವನ ಮನೆಯಲ್ಲಿ ಎರಡು ಬೇಸಿಗೆ ಕೂತು ಕಲಿತಿದ್ದೆ. ಆ ಪೇಟಿಯನ್ನು ಪಾದ್ರಿಗಳ ಮೇಜಿನ ಪಕ್ಕಕ್ಕೆ, ಜನರ ಕಡೆ ಮುಖ ಬರುವಂತೆ ಇಡುತ್ತಿದ್ದರು. ಹೀಗಾಗಿ ಎಲ್ಲರೂ ಕಣ್ಣು ಮುಚ್ಚಿದಾಗ ಅವರನ್ನೆಲ್ಲ ನೋಡುವ ಅನುಕೂಲ ನನಗೊಬ್ಬಳಿಗೇ ಇತ್ತು. ಯಾರು ಅರ್ಧ ಕಣ್ಣು ತೆರೆದು ಪಕ್ಕದವಳ ಸೀರೆ ನೋಡುತ್ತಾಳೆ, ಯಾರು ಉದ್ದನೆಯ ಪ್ರಾರ್ಥನೆ ಮುಗಿಸಿ ಆಮೆನ್ ಅಂದ ಕೂಡಲೇ ಪಾದ್ರಿಗಳ ಮುಖ ನೋಡುತ್ತಾರೆ, ಯಾರ ಧ್ವನಿ ಮನೆಯಲ್ಲೊಂದು, ಇಲ್ಲೊಂದು, ಎಲ್ಲ ನನಗೆ ಗೊತ್ತಿತ್ತು. ಇದರಲ್ಲಿ ದೇವರಿಗಾಗಿ ಎಷ್ಟು, ಮಂದಿಗಾಗಿ ಎಷ್ಟು ಎಂದು ಒಳಗೊಳಗೇ ತೂಗಿ ನೋಡುತ್ತಿದ್ದೆ. ನನ್ನನ್ನೂ ಒಮ್ಮೆ ತೂಗಬೇಕು ಎಂಬ ವಿಚಾರ ಮಾತ್ರ ಬಂದಿರಲಿಲ್ಲ.

ನಮ್ಮ ಊರು ಅಣ್ಣಿಗೇರಿಯಿಂದ ಶಲವಡಿಯ ಕಡೆಗೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಇತ್ತು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಆ ಮಣ್ಣು ಕಾಲು ಹಿಡಿದರೆ ಬಿಡುವುದಿಲ್ಲ. ಊರಿನಲ್ಲಿ ಕ್ರೈಸ್ತರ ಮನೆ ಹದಿನಾಲ್ಕು. ಅಪ್ಪ ಸರಕಾರಿ ಶಾಲೆಯ ಮಾಸ್ತರ, ಜೊತೆಗೆ ಚರ್ಚಿನ ಸಭೆಯ ಮೂವರು ಹಿರಿಯರಲ್ಲಿ ಒಬ್ಬ. ಎರಡೂ ಕೆಲಸ ಅವನನ್ನು ಹೆದರುಪುಕ್ಕಲ ಮಾಡಿದ್ದವು. ಹೊಸ ಧೋತರ ಉಟ್ಟರೂ ಮಂದಿ ಏನೆಂದಾರು, ಹಳೆಯದು ಉಟ್ಟರೂ ಮಂದಿ ಏನೆಂದಾರು ಎನ್ನುತ್ತಿದ್ದ. ನಾನು ಹೇಳುತ್ತಿರುವುದು ತುರ್ತು ಪರಿಸ್ಥಿತಿ ಬಂದ ವರ್ಷದ ಮಾತು. ಚಹದ ಅಂಗಡಿಯಲ್ಲಿ ಆಡಿದ ಮಾತು ಯಾರ ಕಿವಿಗೆ ಬೀಳುತ್ತದೋ ಎಂದು ದೊಡ್ಡವರು ಪಿಸುಗುಟ್ಟುತ್ತಿದ್ದ ಕಾಲ. ನನಗೆ ಆಗ ಇಪ್ಪತ್ತು ವರ್ಷ. ಅಪ್ಪನ ಅಂಜಿಕೆ ಮತ್ತು ಊರಿನ ಪಿಸುಮಾತು ಎರಡೂ ನನ್ನ ಸಂಶಯದ ಬುದ್ಧಿಗೆ ಗೊಬ್ಬರ ಹಾಕಿದವು.

ಅವ್ವ ಬೇರೆ ತರಹ. ಮಾತು ಕಡಿಮೆ. ಚರ್ಚಿನಲ್ಲಿ ಎಲ್ಲರಿಗಿಂತ ಹಿಂದೆ, ಕಂಬದ ಮರೆಯಲ್ಲಿ ಚಾಪೆಯ ತುದಿಗೆ ಕೂರುತ್ತಿದ್ದಳು. ಹಿರಿಯನ ಹೆಂಡತಿ ಮುಂದೆ ಕೂರಬೇಕು ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. "ಅಲ್ಲಿಂದನೂ ಕೇಳಸ್ತೈತಿ" ಎಂದಷ್ಟೇ ಅವಳ ಉತ್ತರ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆಚೆ ಇದ್ದವರು ಲಿಂಗಾಯತರು, ಒಕ್ಕಲುತನದ ಮನೆ. ಆ ಮನೆಯ ಯಜಮಾನಿಯನ್ನು ಅವ್ವ ಅಕ್ಕ ಎನ್ನುತ್ತಿದ್ದಳು, ನಾನು ದೊಡ್ಡವ್ವ ಎನ್ನುತ್ತಿದ್ದೆ. ದಿನಕ್ಕೆ ನಾಲ್ಕು ಸಲವಾದರೂ ಇಬ್ಬರೂ ಆ ಗೋಡೆಯ ಎರಡು ಬದಿ ನಿಂತು ಮಾತಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಅವರಿಬ್ಬರ ನಡುವೆ ಒಂದು ಕರಾರು ಇತ್ತು. ನಾಗರ ಪಂಚಮಿಗೆ ನಮ್ಮ ಕಡೆ ಉಂಡಿ ಕಟ್ಟುತ್ತಾರೆ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಹುರಿದ ಜೋಳದ ಅಳ್ಳಿನ ಉಂಡಿ. ಮೊದಲು ನಾಗಪ್ಪನಿಗೆ ಹಾಲು ಎರೆದು, ಎಡೆ ಹಿಡಿದು, ಆಮೇಲೆ ನೆರೆಹೊರೆಗೆ ಹಂಚುತ್ತಾರೆ. ಬೇರೆ ದೇವರ ಮುಂದೆ ಎಡೆ ಹಿಡಿದದ್ದನ್ನು ಉಣ್ಣಬಾರದು ಎಂಬುದು ನಮ್ಮ ಸಭೆಯ ಕಟ್ಟಳೆ. ಅವ್ವ ಮದುವೆಯಾಗಿ ಬಂದ ಮೊದಲನೆಯ ಪಂಚಮಿಗೆ ಹೆದರುತ್ತ ಹೆದರುತ್ತ ಬೇಡ ಅಂದಿದ್ದಳಂತೆ. ದೊಡ್ಡವ್ವ ಸಿಟ್ಟಾಗಲಿಲ್ಲ. ಮರುವರ್ಷದಿಂದ ಎಡೆ ಹಿಡಿಯುವ ಮೊದಲೇ ನಮ್ಮ ಪಾಲನ್ನು ಬೇರೆ ತೆಗೆದಿಟ್ಟು, ತಾಟಿನಲ್ಲಿ ತಂದುಕೊಡತೊಡಗಿದಳು. ಅವಳ ದೇವರೂ ಉಳಿದ, ನಮ್ಮ ಸಭೆಯೂ ಉಳಿಯಿತು, ಉಂಡಿಯೂ ಸಿಕ್ಕಿತು. ಪಾದ್ರಿಗಳಿಗೂ ಇದು ಗೊತ್ತಿತ್ತು, ಅವರೂ ಏನೂ ಅಂದಿರಲಿಲ್ಲ.

ಆ ವರ್ಷ ದೊಡ್ಡವ್ವನ ಮಗಳಿಗೆ ಮದುವೆಯಾದ ಮೇಲಿನ ಮೊದಲ ಪಂಚಮಿ. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮಗಳನ್ನು ಕೊಟ್ಟದ್ದು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಗೆ. ಕರೆಯಲು ಹೋದ ಅವಳ ಅಣ್ಣ ಒಬ್ಬನೇ ತಿರುಗಿ ಬಂದ. ಹೊಲದಲ್ಲಿ ಕಳೆ ತೆಗೆಯುವ ಕೆಲಸ ಬಹಳ ಇದೆ, ಈ ವರ್ಷ ಕಳಿಸುವುದಿಲ್ಲ ಎಂದು ಬೀಗರು ಹೇಳಿ ಕಳಿಸಿದ್ದರು. ಮಗಳು ಬಂದು ಆಡಲೆಂದು ಹಿತ್ತಲಲ್ಲಿ ಕಟ್ಟಿದ್ದ ಜೋಕಾಲಿಯನ್ನು ದೊಡ್ಡವ್ವ ಅವತ್ತೇ ಬಿಚ್ಚಿಸಿದಳು.

ಹಬ್ಬದ ಮಧ್ಯಾಹ್ನ ಅವಳು ನಮ್ಮ ಮುಂಬಾಗಿಲಿಗೆ ಬಂದಳು. ಹಿತ್ತಲು ಕೆಸರಾಗಿತ್ತು. ನಾನು ಕಟ್ಟೆಯ ಮೇಲೆ ಕೂತು ಬೇಳೆಯಲ್ಲಿ ಹರಳು ಆರಿಸುತ್ತಿದ್ದೆ. ಅವ್ವ ಹೊರಗೆ ಬಂದಳು. ದೊಡ್ಡವ್ವ ತಾಟು ಕೊಡಲಿಲ್ಲ, ಹಿಡಿದುಕೊಂಡೇ ನಿಂತಳು.

"ತಂಗಿ, ಒಂದು ತಪ್ಪಾತು. ನಿಮ್ಮ ಪಾಲು ಮೊದಲ ತೆಗದಿಡೂದು ಮರತೆ. ಎಡಿ ಹಿಡದ ಮ್ಯಾಲೆ ನೆನಪಾತು. ನನ್ನ ತಲಿ ನನ್ನ ಹತ್ರ ಇಲ್ಲ ಇವತ್ತ. ಹೇಳದ ಕೊಟ್ರ ದೇವರು ಮೆಚ್ಚೂದಿಲ್ಲ ಅಂತ ಹೇಳಾಕ ಬಂದೆ. ಬ್ಯಾಡಂದ್ರ ಒಯ್ತೀನಿ, ಏನೂ ತಿಳಕೊಳ್ಳೂದಿಲ್ಲ."

ಅವಳ ಕಣ್ಣು ಊದಿದ್ದವು. ಅವ್ವ ಅವಳ ಮುಖವನ್ನು ನೋಡಿದಳು, ತಾಟಿನ ಮೇಲಿನ ಅರಿವೆಯನ್ನು ಸರಿಸಿದಳು, ಒಂದು ಎಳ್ಳಿನ ಉಂಡಿ ತೆಗೆದು ಅಲ್ಲೇ ನಿಂತು ತಿಂದಳು. ಅರ್ಧ ಅಲ್ಲ, ಪೂರ್ತಿ ತಿಂದಳು.

"ಛಲೋ ಆಗ್ಯಾವಕ್ಕ. ಬೆಲ್ಲ ಚೂರು ಕಡಿಮಿ ಬಿದ್ದೈತಿ ನೋಡು."

ದೊಡ್ಡವ್ವನ ಮುಖದಲ್ಲಿ ಆ ದಿನದ ಮೊದಲ ನಗೆ ಬಂತು. "ಅಳಕೋತ ಕಟ್ಟಿದ್ರ ಇನ್ನೇನಾಕ್ಕೈತಿ" ಎಂದಳು. ತಾಟನ್ನು ಅವ್ವನ ಕೈಗೆ ಕೊಟ್ಟು ಹೋದಳು.

ನಾನು ನೋಡಿದ್ದು ಅವ್ವನನ್ನಲ್ಲ, ಎದುರು ಮನೆಯ ಕಿಟಕಿಯನ್ನು. ಆ ಮನೆಯ ಯಜಮಾನ ಸಭೆಯ ಇನ್ನೊಬ್ಬ ಹಿರಿಯ. ಅವನ ಹೆಂಡತಿ ಹಗಲೆಲ್ಲ ಆ ಕಿಟಕಿಯಲ್ಲೇ ಇರುತ್ತಿದ್ದಳು. ಆ ಹೊತ್ತಿನಲ್ಲಿ ಅಲ್ಲಿ ಇದ್ದಳೋ ಇಲ್ಲವೋ ಗೊತ್ತಾಗಲಿಲ್ಲ, ಒಳಗೆ ಕತ್ತಲೆಯಿತ್ತು. ಆದರೆ ಇದ್ದಳು ಎಂದು ನಾನು ಆ ಕ್ಷಣವೇ ಗಟ್ಟಿ ಮಾಡಿಕೊಂಡೆ.

ಇದಾದ ಹದಿನೈದು ದಿನಕ್ಕೆ ನಮ್ಮ ಸಭೆಯಲ್ಲಿ ಕರ್ತನ ಭೋಜನ ಇತ್ತು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ ಅದು, ವರ್ಷಕ್ಕೆ ನಾಲ್ಕೇ ಸಲ. ಶನಿವಾರ ಪಾದ್ರಿಗಳು ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಬಂದು ಚರ್ಚಿನ ಬಗಲಿನ ಕೋಣೆಯಲ್ಲಿ ಕೂರುತ್ತಿದ್ದರು. ಭೋಜನಕ್ಕೆ ಬರುವವರು ಒಬ್ಬೊಬ್ಬರಾಗಿ ಹೋಗಿ ಹೆಸರು ಬರೆಸಬೇಕು. ಯಾರ ಮೇಲಾದರೂ ಮನಸ್ಸು ಕೆಟ್ಟಿದೆಯೇ, ಹೇಳಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ಅವರು ಕೇಳುತ್ತಾರೆ. ಇಲ್ರಿ ಅನ್ನುತ್ತೇವೆ. ಬರೆದುಕೊಳ್ಳುತ್ತಾರೆ. ಭಾನುವಾರ ಎದುರು ಮನೆಯ ಹಿರಿಯ ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾನೆ, ಓದಿದವರು ಮೇಜಿನ ಬಳಿಗೆ ಹೋಗುತ್ತಾರೆ. ನಮ್ಮ ಸಭೆಯಲ್ಲಿ ಯಾರ ಮರ್ಯಾದೆ ಎಷ್ಟು ಎಂಬುದು ಇರುತ್ತಿದ್ದದ್ದು ಆ ಚೀಟಿಯಲ್ಲಿ. ಹೆಸರು ಬಿಟ್ಟುಹೋದರೆ ವಾರವೆಲ್ಲ ಬಾವಿಯ ಕಟ್ಟೆಯಲ್ಲಿ ಅದೇ ಮಾತು.

ಆ ಭಾನುವಾರ ನಾನು ಪೇಟಿಯ ಮುಂದೆ ಬೆರಳು ಇಟ್ಟುಕೊಂಡು ಕೂತಿದ್ದೆ. ಅಪ್ಪನ ಹೆಸರು ಓದಿದರು. ನನ್ನ ಹೆಸರು ಓದಿದರು. ಆಮೇಲೆ ಮುಂದಿನ ಮನೆಯವರ ಹೆಸರು ಬಂತು. ನಾನು ತಪ್ಪಿ ಬಿಟ್ಟರೇನೋ ಎಂದುಕೊಂಡೆ. ಎಲ್ಲರೂ ಕತ್ತು ತಿರುಗಿಸಿ ಕಂಬದ ಕಡೆ ನೋಡಿದ್ದು ಪೇಟಿಯ ಹಿಂದಿನಿಂದ ನನಗೆ ಚೆನ್ನಾಗಿ ಕಂಡಿತು. ಅಪ್ಪ ಬೆವರಿದ. ಪಾದ್ರಿಗಳು ನನಗೆ ಹಾಡು ಎತ್ತಲು ಸನ್ನೆ ಮಾಡಿದರು. ನಾನು ಎತ್ತಿದೆ, ಧ್ವನಿ ನಡುಗಿತು. ನಾಚಿಕೆಯಿಂದ ನಡುಗಿದ್ದು, ಅವ್ವನ ಮೇಲಿನ ಕನಿಕರದಿಂದಲ್ಲ. ಸರದಿ ಬಂದಾಗ ಎದ್ದು ಹೋಗಿ ರೊಟ್ಟಿ ತೆಗೆದುಕೊಂಡೆ, ಪಾತ್ರೆಗೆ ತುಟಿ ಹಚ್ಚಿದೆ. ನನ್ನ ಹೆಸರು ಚೀಟಿಯಲ್ಲಿ ಇತ್ತಲ್ಲ.

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಓದಲಿಲ್ಲ, ಅಷ್ಟ" ಎಂದಳು. ಅಪ್ಪ ಹೊರಗಿನ ಪಡಸಾಲೆಯಲ್ಲಿ ಕೂತಿದ್ದ.

ಯಾರೋ ಹೇಳಿದ್ದಾರೆ. ಇದು ನನಗೆ ಖಾತ್ರಿಯಾಯಿತು. ಯಾರು ಎಂಬುದೊಂದೇ ತಿಳಿಯಬೇಕಿತ್ತು.

ಮೊದಲು ಎದುರು ಮನೆಯವಳ ಮೇಲೆ ಹೋಯಿತು ನನ್ನ ಕಣ್ಣು. ಅವಳು ಬಾವಿಯ ಹತ್ತಿರ ಸಿಕ್ಕು "ಉಂಡ್ಯೇನವಾ, ಅವ್ವ ಆರಾಮದಾಳೇನು" ಎಂದು ಕೇಳಿದಾಗ, ಕೇಳಿದ ರೀತಿಯಲ್ಲೇ ಕಳ್ಳತನ ಕಂಡಿತು. ನಾನು ಉತ್ತರ ಕೊಡದೆ ಕೊಡ ಎತ್ತಿಕೊಂಡು ಬಂದೆ. ಅವಳ ಗಂಡನಿಗೆ ಬಹಳ ಪ್ರೀತಿಯ ಒಂದು ಕೀರ್ತನೆ ಇತ್ತು. ಮುಂದಿನ ವಾರ ಅದನ್ನು ಪೇಟಿಯ ಎರಡು ಮನೆ, ಎಂದರೆ ಎರಡು ಪಟ್ಟಿ, ಮೇಲಿನ ಸ್ವರದಲ್ಲಿ ಎತ್ತಿದೆ. ಎರಡನೆಯ ಚರಣಕ್ಕೆ ಅವನ ಗಂಟಲು ಸಿಕ್ಕಿಕೊಂಡು ಕೆಮ್ಮು ಬಂತು. ನನಗೆ ಸಮಾಧಾನವಾಯಿತು.

ಆದರೆ ಸಂಶಯ ಒಂದು ಮನೆಗೆ ತೃಪ್ತಿಯಾಗುವಂಥದ್ದಲ್ಲ. ಎಂಟು ದಿನದಲ್ಲಿ ಅದು ಗೋಡೆಯ ಆಚೆಗೆ ಹೋಯಿತು. ದೊಡ್ಡವ್ವ ನಿಜವಾಗಿಯೂ ಮರೆತಳೇ? ಇಪ್ಪತ್ತೆರಡು ವರ್ಷ ಮರೆಯದವಳು ಈ ವರ್ಷವೇ ಏಕೆ ಮರೆಯಬೇಕು? ಮಾಸ್ತರನ ಹೆಂಡತಿಯೂ ನಮ್ಮ ಎಡೆ ಉಂಡಳು ಎಂದು ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳಲು ಹೀಗೆ ಮಾಡಿದಳೇ? ಮಗಳಿಗಾಗಿ ಅತ್ತು ಊದಿಸಿಕೊಂಡ ಕಣ್ಣನ್ನು ನಾನೇ ನೋಡಿದ್ದೆ. ಆದರೂ ಇದನ್ನೆಲ್ಲ ಯೋಚಿಸಿದೆ. ಈಗ ಬರೆಯಲು ಅಸಹ್ಯವಾಗುತ್ತದೆ.

ಆ ತಾಟು ಇನ್ನೂ ನಮ್ಮ ಮನೆಯಲ್ಲೇ ಇತ್ತು. ನಮ್ಮ ಕಡೆ ಯಾರ ಪಾತ್ರೆಯನ್ನೂ ಬರಿದು ಮಾಡಿ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಒಂದು ಚಿಟಿಕೆ ಸಕ್ಕರೆ. ಬರಿದು ಕೊಟ್ಟರೆ ಇನ್ನು ನಮಗೂ ನಿಮಗೂ ಕೊಟ್ಟುಕೊಳ್ಳುವುದು ಮುಗಿಯಿತು ಎಂದು ಅರ್ಥ. ಹಿತ್ತಲಿನ ಹೀರೇಕಾಯಿ ಇನ್ನೂ ಎಳೆಯವು, ಬಲಿತ ಮೇಲೆ ಕೊಟ್ಟರಾಯಿತು ಎಂದು ಅವ್ವ ತಾಟನ್ನು ತಡೆದಿದ್ದಳು. ಒಂದು ಸಂಜೆ ನಾಲ್ಕು ಹೀರೇಕಾಯಿ ಕೊಯ್ದು ತಾಟಿನಲ್ಲಿಟ್ಟು, ದೊಡ್ಡವ್ವಗ ಕೊಟ್ಟು ಬಾ ಎಂದು ನನ್ನ ಕೈಗೆ ಕೊಟ್ಟಳು.

ಓಣಿಯ ತಿರುವಿನಲ್ಲಿ ಒಂದು ಆಕಳು ನಿಂತಿತ್ತು. ನಾಲ್ಕೂ ಹೀರೇಕಾಯಿಯನ್ನು ಅದರ ಮುಂದೆ ಹಾಕಿದೆ. ದೊಡ್ಡವ್ವನ ಬಾಗಿಲಿಗೆ ಹೋಗಿ ಬರಿದಾದ ತಾಟು ಚಾಚಿದೆ. ಅವಳು ಅದನ್ನು ನೋಡಿದಳು. ತಿರುಗಿಸಿ ಕೆಳಗೂ ನೋಡಿದಳು. ಸೆರಗಿನಿಂದ ಒರೆಸಿ, "ಆತವ್ವ" ಎಂದು ಒಳಗೆ ಹೋದಳು. ನಾನು ಮನೆಗೆ ಬಂದು, ಕೊಟ್ಟೆ ಎಂದು ಅವ್ವನಿಗೆ ಹೇಳಿದೆ. ಸುಳ್ಳೇನೂ ಹೇಳಲಿಲ್ಲ ಎಂದು ನನಗೆ ನಾನೇ ಒಪ್ಪಿಸಿಕೊಂಡೆ.

ಅಲ್ಲಿಂದ ದೊಡ್ಡವ್ವ ಗೋಡೆಯ ಹತ್ತಿರ ಬರುವುದು ನಿಂತಿತು.

ದಸರೆ ಹೋಯಿತು, ದೀಪಾವಳಿ ಹೋಯಿತು. ಆ ಹೊತ್ತಿಗೆ ನನ್ನ ಸಂಶಯ ಮನೆಯೊಳಗೇ ಬಂದಿತ್ತು. ಅಪ್ಪನೇ ಹೇಳಿರಬಹುದು, ಹಬ್ಬದ ರಾತ್ರಿ ಅವ್ವ ಅವನಿಗೆ ಉಂಡಿಯ ಮಾತು ಹೇಳಿದ್ದಳು. ಹಿರಿಯನ ಮನೆಯಲ್ಲಿ ತಪ್ಪು ನಡೆದು ಅದು ಬೇರೆಯವರ ಬಾಯಿಂದ ಪಾದ್ರಿಗಳಿಗೆ ತಿಳಿದರೆ ಹಿರಿತನ ಹೋಗುತ್ತದೆ. ತಾನೇ ಮೊದಲು ಹೇಳಿದರೆ ಉಳಿಯುತ್ತದೆ. ಅಪ್ಪನ ಲೆಕ್ಕ ಹೀಗೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ಅವನು ಉಣ್ಣುವಾಗ ಅವನ ಮುಖ ನೋಡುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿದ್ದ. ಅದೂ ಅವನ ತಪ್ಪಿನ ಗುರುತು ಎಂದುಕೊಂಡೆ.

ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮೂರು ದಿನ ಇರುವಾಗ, ಅದು ಹೊರಬಿತ್ತು. ಅವ್ವ ಮಧ್ಯಾಹ್ನ ಕರ್ಜಿಕಾಯಿ ಮಾಡಲು ಕೂತಿದ್ದಳು. ನಾನು ಹಾಳೆ ಲಟ್ಟಿಸಿ ಕೊಡುತ್ತಿದ್ದೆ, ಅವಳು ಒಳಗೆ ಹೂರಣ ತುಂಬಿ ಅಂಚು ಒತ್ತುತ್ತಿದ್ದಳು. ಅಪ್ಪ ಶಾಲೆಯಿಂದ ಬಂದವನು ಬಾಗಿಲಲ್ಲಿ ನಿಂತು, "ಈ ಸಲಾನೂ ಹೆಸರಿಲ್ಲಂದ್ರ ನಾ ಮಂದಿಗೆ ಹೆಂಗ ಮಾರಿ ತೋರಸ್ಲಿ" ಎಂದ.

ನನಗೆ ತಡೆಯಲಾಗಲಿಲ್ಲ. "ಹೇಳೂವಾಗ ಅದು ನೆನಪಾಗಲಿಲ್ಲೇನಪ್ಪ?" ಎಂದೆ.

ಅಪ್ಪ ನನ್ನನ್ನೇ ನೋಡಿದ. "ನಾ ಹೇಳಿದ್ನಾ? ನೀನಽ ಹೇಳಿ ನನಗ ಕೇಳ್ತೀಯಾ? ಸಭಾದಾಗ ಕಟ್ಟಳಿ ಕಟ್ಟಳಿ ಅಂತ ಕುಣಿಯಾಕಿ ನೀನು. ನಾಲ್ಕು ತಿಂಗಳಾತು, ನಿನ್ನ ಮುಂದ ಬಾಯಿ ಬಿಡಾಕ ನಾ ಅಂಜಾಕತ್ತೀನಿ."

ಅಂದರೆ ನಾಲ್ಕು ತಿಂಗಳು ಒಂದೇ ಒಲೆಯ ಮುಂದೆ ಕೂತು ಉಂಡ ನಾವಿಬ್ಬರೂ ಒಬ್ಬರ ಮೇಲೊಬ್ಬರು ಸಂಶಯದ ಕಣ್ಣಿಟ್ಟಿದ್ದೆವು.

ಅವ್ವ ಕರ್ಜಿಕಾಯಿಯ ಅಂಚು ಒತ್ತುವುದನ್ನು ನಿಲ್ಲಿಸಲಿಲ್ಲ. "ಯಾರೂ ಹೇಳಿಲ್ಲ. ನಾನಽ ಹೇಳೀನಿ" ಎಂದಳು.

"ಯಾಕ?"

"ಹೇಳಿಕೊಳ್ಳೂವಂಥಾದ್ದು ಏನರ ಐತೇನು ಅಂತ ಕೇಳಿದ್ರು. ಎಡಿ ಹಿಡದ ಉಂಡಿ ತಿಂದೀನ್ರಿ ಅಂದೆ."

"ಸುಮ್ನಿದ್ರ ಯಾರಿಗೆ ಗೊತ್ತಾಗತಿತ್ತು?"

"ಕೇಳಿದ್ರಲ್ಲ."

ಅಪ್ಪ ಹಣೆಗೆ ಕೈ ಹಚ್ಚಿ ಹೊಸ್ತಿಲ ಮೇಲೆ ಕೂತ. "ತಪ್ಪಾತು ಅಂದಿದ್ರ ಬರಕೊಂಡಿರತಿದ್ರು. ಅವರೇನು ಕೆಟ್ಟವರಲ್ಲ."

"ಹಂಗಽ ಅಂದ್ರು ಅವರೂ. ತಪ್ಪಾತು ಅನ್ನು, ಬರಕೋತೀನಿ ಅಂದ್ರು. ತಪ್ಪಾಗಿದ್ರ ಅಂತಿದ್ದೆ." ಅವ್ವ ಮುಂದಿನ ಹಾಳೆ ಕೈಗೆ ತೆಗೆದುಕೊಂಡಳು. "ಅಕ್ಕ ಅಷ್ಟು ನೋವಿನಾಗ ನಿಂತಿದ್ಲು. ಖರೇನಽ ಹೇಳಿದ್ಲು. ನಾ ಬ್ಯಾಡಂತ ತಿರುಗಿ ಕಳಸಿದ್ರ ಅದು ದೇವರಿಗೆ ಮೆಚ್ಚಿಗಿ ಆಗತಿತ್ತು ಅಂತ ನನಗ ಅನಸಲಿಲ್ಲ. ಈಗೂ ಅನಸೂದಿಲ್ಲ. ಆಗದ ತಪ್ಪನ್ನ ಪಾದ್ರಿಗಳ ಸಲುವಾಗಿ ಆಗೇತಿ ಅಂತ ಹೇಳಿ, ಆ ಬಾಯಿಲೆ ರೊಟ್ಟಿ ಹೆಂಗ ತಿನ್ಲಿ?"

ಅವಳ ಈ ಮಾತನ್ನೂ ನಾನು ತೂಗಿದೆ. ನನ್ನ ಬುದ್ಧಿಯೇ ಹಾಗೆ. "ಇದು ಹಟ ಅಲ್ಲೇನಬೇ?" ಎಂದೆ.

"ಇರಬಹುದು. ಅದನ್ನ ದೇವರು ನೋಡಕೋತಾನ, ನೀ ಹಾಳಿ ಲಟಸು."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತು ತೆಗೆದಳು. "ಹತ್ತು ಕರ್ಜಿಕಾಯಿ ಅಕ್ಕಗ ಬ್ಯಾರೆ ಇಡು. ತಗೋತಾಳೋ ಇಲ್ಲೋ. ನಮಗ ಉಣಿಸಿದ್ದಕ್ಕ ಆಕಿ ಮಂದಿ ಏನರ ಅಂದಾರೇನೋ, ಗ್ವಾಡಿ ಕಡೆ ಬರೂದಽ ಬಿಟ್ಲು. ಹೀರೀಕಾಯಿ ಕೊಡೂವಾಗ ಏನರ ಅಂದ್ಲೇನು ನಿನಗ?"

ನನ್ನ ಲಟ್ಟಣಿಗೆ ನಿಂತಿತು. ಸುಳ್ಳು ಹೇಳುವುದು ಸುಲಭವಿತ್ತು, ನಾಲಗೆಯ ತುದಿಗೇ ಬಂದಿತ್ತು. ಆದರೆ ಕೇಳಿದರಲ್ಲ ಎಂದು ಈಗಷ್ಟೇ ಹೇಳಿದವಳು ಎದುರಿಗೆ ಕೂತಿದ್ದಳು. ಆಕಳಿನ ವಿಷಯ ಹೇಳಿದೆ. ಬರಿ ತಾಟಿನ ವಿಷಯ ಹೇಳಿದೆ. ಸೆರಗಿನಿಂದ ಒರೆಸಿಕೊಂಡದ್ದನ್ನೂ ಹೇಳಿದೆ.

ಅವ್ವನ ಕೈ ಆಗ ನಿಂತಿತು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನನ್ನ ಹೆಸರು ಓದಲಿಲ್ಲ ಅಂತ ನಾ ಒಂದು ದಿನಾನೂ ಅತ್ತಿಲ್ಲ" ಎಂದಳು. "ಗ್ವಾಡಿ ಆಚಿ ಆಕಿ ಕೆಮ್ಮೂದು ಕೇಳಸ್ತಿತ್ತು. ನಾ ಕರದ್ರ ಒಳಗ ಹೋಗತಿದ್ಲು. ಅದಕ್ಕ ಅತ್ತೀನಿ."

ಅವತ್ತೇ ಸಂಜೆ, ಬೆಳಕು ಇರುವಾಗಲೇ, ನಾನು ಕರ್ಜಿಕಾಯಿಯ ತಾಟು ಹಿಡಿದು ದೊಡ್ಡವ್ವನ ಮನೆಗೆ ಹೋದೆ. ಅವ್ವ ಹೋಗು ಅನ್ನಲಿಲ್ಲ. ದೊಡ್ಡವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು, ಕೂಡು ಅನ್ನಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಅವ್ವ ನಾಲ್ಕು ಹೀರೇಕಾಯಿ ಇಟ್ಟು ಕೊಟ್ಟಿದ್ದಳು, ತಾಟು ಬರಿದು ಮಾಡಿದ್ದು ನಾನು, ನಿಮ್ಮ ಮೇಲೆ ಸಂಶಯಪಟ್ಟೆ, ಅವ್ವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ ಎಂದೆ. ಏನು ಸಂಶಯ ಎಂದು ಅವಳು ಕೇಳಿದಳು. ಅದನ್ನೂ ಹೇಳಿದೆ.

ಅವಳು ಮೊರದಲ್ಲಿದ್ದ ಜೋಳವನ್ನು ಬೆರಳಿನಿಂದ ಹರವತೊಡಗಿದಳು. ನನಗೆ ಹೇಳಬೇಕಾದದ್ದನ್ನು ಹುಡುಕುತ್ತಿದ್ದಾಳೆ ಎಂದುಕೊಂಡೆ. ನಾನು ಅವಳ ಲಕ್ಷ್ಯದಲ್ಲೇ ಇರಲಿಲ್ಲ.

"ಹಂಗಾದ್ರ ಆಕಿ ಅಲ್ಲಲ್ಲ" ಎಂದಳು. "ತಿಂದದ್ದು ಹೇಸಿಕಿ ಬಂದಿರಬೇಕು ಆಕಿಗೆ, ಅದಕ್ಕ ಬರಿ ತಾಟು ಕಳಸ್ಯಾಳ ಅಂತ ತಿಳಕೊಂಡಿದ್ದೆ ನಾ. ನಾಲ್ಕು ತಿಂಗಳು ಅದನ್ನಽ ತಿಳಕೊಂಡಿದ್ದೆ."

ಕರ್ಜಿಕಾಯಿಯ ತಾಟನ್ನು ನನ್ನ ಕೈಯಿಂದ ಇಸಿದುಕೊಂಡು ಹಿತ್ತಲಿಗೆ ನಡೆದಳು. ಗೋಡೆಯ ಮೇಲಿಂದ ತಂಗಿ ಎಂದು ಕರೆದ ಧ್ವನಿ ಅಂಗಳದಲ್ಲೇ ನಿಂತ ನನಗೆ ಕೇಳಿಸಿತು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ನನ್ನ ಕೈಯಲ್ಲಿ ತಾಟು ಕೊಡುವುದನ್ನು ಮಾತ್ರ ಆಮೇಲೆ ಅವಳು ಬಿಟ್ಟಳು, ಅವ್ವನ ಕೈಗೇ ಕೊಡುತ್ತಿದ್ದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಪಾದ್ರಿಗಳು ಬಂದರು. ನಾನು ಹೆಸರು ಬರೆಸಲು ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ನಾಳೆ ನನ್ನ ಹೆಸರೂ ಓದುವುದಿಲ್ಲ, ಪೇಟಿ ಬಿಟ್ಟು ಹಿಂದೆ ಹೋಗಿ ಅವ್ವನ ಪಕ್ಕದಲ್ಲಿ ಕೂರುತ್ತೇನೆ, ಮಂದಿ ಕತ್ತು ತಿರುಗಿಸಿ ನೋಡಲಿ. ಇದನ್ನು ಅವ್ವನಿಗೆ ಹೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು. ಅವಳು ಮೆಚ್ಚುತ್ತಾಳೆ ಎಂದುಕೊಂಡಿದ್ದೆ.

"ಯಾರ ಸಲುವಾಗಿ?" ಎಂದಳು.

ನಾನು ಕಣ್ಣು ಒರೆಸಿಕೊಂಡೆ.

"ನಿಂದು ಅಕ್ಕನ ಹತ್ರ ಹೋಗಿ ಹೇಳಿ ಮುಗಿಸೀದಿ. ಇನ್ನ ಪಾದ್ರಿಗಳ ಮುಂದ ಹೇಳು, ಬರಕೊಂಡ್ರ ಹೋಗು, ಇಲ್ಲಂದ್ರ ಬಿಡು. ನನ್ನ ಬಾಜೂಕ ಬಂದು ಕೂಡೂದು ನನಗ ಛಲೋ ಅನಸಲಿ ಅಂತ. ಅದೂ ಮಂದಿ ಸಲುವಾಗಿನಽ. ನಾನೂ ಮಂದೀನಽ, ತಿಳಕೋ."

ಇಷ್ಟು ವರ್ಷ ಊರನ್ನೆಲ್ಲ ತೂಗಿದವಳನ್ನು ಅವಳು ಒಂದೇ ಮಾತಿನಲ್ಲಿ ತೂಗಿಬಿಟ್ಟಳು. ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಎಂದೇ ಸಿಟ್ಟು ಬಂತು.

ಹೋಗಿ ಹೇಳಿದೆ. ತಾಟಿನ ವಿಷಯ ಕೇಳಿ ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು, ತಪ್ಪು ಎಂದು ಒಪ್ಪುತ್ತೀಯಾ ಎಂದರು. ಒಪ್ಪುತ್ತೇನೆ ಎಂದೆ. ಬರೆದುಕೊಂಡರು. ಅವ್ವನೂ ಹೋಗಿ ಬಂದಳು. ಅವಳದು ಅದೇ ಮಾತು, ಅವರದೂ ಅದೇ ಮಾತು. ಬರೆದುಕೊಳ್ಳಲಿಲ್ಲ. ಪಾದ್ರಿಗಳ ಮುಖ ಬಾಡಿತ್ತು. ಅವರಿಗೆ ಅವ್ವನ ಮೇಲೆ ಸಿಟ್ಟಿರಲಿಲ್ಲ ಎಂದು ನನಗೆ ಆಗ ಅನ್ನಿಸಿತು. ಒಬ್ಬಳಿಗೆ ರಿಯಾಯಿತಿ ಕೊಟ್ಟರೆ ಉಳಿದ ಹದಿಮೂರು ಮನೆಯವರು ಏನೆಂದಾರು ಎಂಬ ಅಂಜಿಕೆ ಅವರಿಗೂ ಇದ್ದಿರಬೇಕು. ಇದೂ ನನ್ನ ಸಂಶಯವೇ ಇರಬಹುದು.

ಮರುದಿನ ಹೆಸರು ಓದಿದರು. ಅಪ್ಪನದು, ನನ್ನದು. ನಾನು ಮೇಜಿನಿಂದ ತಿರುಗಿ ಬಂದು ಪೇಟಿಯ ಮುಂದೆ ಕೂತೆ. ಎಲ್ಲರೂ ಕಣ್ಣು ಮುಚ್ಚಿದ್ದರು. ರೂಢಿಯಂತೆ ನನ್ನ ಕಣ್ಣು ಸಾಲುಗಳ ಮೇಲಿಂದ ಹಾದು ಕಂಬದವರೆಗೆ ಹೋಯಿತು. ಅವ್ವ ಪಕ್ಕದ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತುಟಿ ಅಲುಗುತ್ತಿದ್ದವು. ಅಲ್ಲಿ ಹಾಗೆ ಕೂತವಳು ಮುಂದಿನವರಿಗೆ ಕಾಣುವುದಿಲ್ಲ, ಪಕ್ಕದವರಿಗೆ ಕಾಣುವುದಿಲ್ಲ, ಪಾದ್ರಿಗಳಿಗೂ ಕಾಣುವುದಿಲ್ಲ. ಆ ಜಾಗವನ್ನು ಅವಳು ಇಪ್ಪತ್ತೆರಡು ವರ್ಷದಿಂದ ಏಕೆ ಬಿಡಲಿಲ್ಲ ಎಂಬುದು ಆಗ ಹೊಳೆಯಿತು. ಪೇಟಿ ಇದ್ದ ಓರೆಯಿಂದ ಮಾತ್ರ ಕಂಬದ ಮರೆ ಕಾಣುತ್ತಿತ್ತು. ಇಡೀ ಚರ್ಚಿನಲ್ಲಿ ಅವಳನ್ನು ನೋಡಬಲ್ಲವಳು ನಾನೊಬ್ಬಳೇ ಇದ್ದೆ, ಮತ್ತು ನಾನು ನೋಡುತ್ತಿದ್ದೆ. ಕದ್ದು ಕೇಳಿದಂತಾಯಿತು ನನಗೆ. ಕಣ್ಣು ತೆಗೆದು ಪೇಟಿಯ ಮನೆಗಳ ಮೇಲಿಟ್ಟೆ.

ಅವ್ವ ಆಮೇಲೆ ಐದು ಸಲ ಭೋಜನವಿಲ್ಲದೆ ಕೂತಳು. ಪ್ರತಿಸಲವೂ ಹಿಂದಿನ ದಿನ ಹೋಗಿ ಅದನ್ನೇ ಹೇಳಿ ಬರುತ್ತಿದ್ದಳು. ಭೋಜನ ಮುಗಿದ ಮೇಲೆ ಪಾತ್ರೆ ತೊಳೆದು ಮೇಜಿನ ಬಟ್ಟೆ ಒಗೆಯುವ ಕೆಲಸ ಮೊದಲಿನಿಂದಲೂ ಅವಳದೇ, ಅದನ್ನು ಬಿಡಲಿಲ್ಲ. ಎದುರು ಮನೆಯವಳ ಕ್ಷಮೆಯನ್ನೂ ನಾನು ಒಂದು ದಿನ ಬಾವಿಯ ಹತ್ತಿರ ಕೇಳಿದೆ. ಯಾತಕ್ಕೆ ಎಂದು ಅವಳಿಗೆ ತಿಳಿಯಲೇ ಇಲ್ಲ. ಪಂಚಮಿಯ ದಿನ ಅವಳು ಊರಿನಲ್ಲೇ ಇರಲಿಲ್ಲವಂತೆ.

ಆ ಪಾದ್ರಿಗಳಿಗೆ ಬೇರೆ ಊರಾಯಿತು. ಹೊಸಬರು ಬಂದರು, ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಅವರಿಗೆ ಹಿಂದಿನದು ಏನೂ ಗೊತ್ತಿರಲಿಲ್ಲ. ಈಗಾದರೂ ಸುಮ್ಮನಿರು ಎಂದು ಅಪ್ಪ ಕೈ ಮುಗಿದ. ಶನಿವಾರ ಅವರು ಅದೇ ಪ್ರಶ್ನೆ ಕೇಳಿದಾಗ ಅವ್ವ ಅದೇ ಉತ್ತರವನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದಳು. ನಾನು ನನ್ನ ಸರದಿಗೆ ಬಾಗಿಲ ಹೊರಗೆ ನಿಂತಿದ್ದೆ, ಎಲ್ಲ ಕೇಳಿಸಿತು.

"ಆಕಿ ಮಗಳು ಆಮ್ಯಾಲ ತವರಿಗೆ ಬಂದ್ಲೇನವಾ?" ಎಂದು ಅವರು ಕೇಳಿದರು.

"ಮುಂದಿನ ವರ್ಷ ಬಂದ್ಲ್ರಿ."

"ಛಲೋ ಆತು" ಎಂದರು. ಪೆನ್ನಿನ ಸದ್ದು ಕೇಳಿಸಿತು.

ಮರುದಿನ ಎದುರು ಮನೆಯ ಹಿರಿಯ ಚೀಟಿ ಹಿಡಿದು ಓದತೊಡಗಿದ. ಅಪ್ಪನ ಹೆಸರಾಯಿತು. ಆಮೇಲೆ ಅವ್ವನ ಹೆಸರು. ಅವನಿಗೇ ನಂಬಿಕೆಯಾಗದೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಕಂಬದ ಹಿಂದಿನಿಂದ ಯಾರೂ ಏಳಲಿಲ್ಲ. ಅವಳು ಅದಕ್ಕಾಗಿ ಕಾಯುತ್ತ ಕೂತಿರಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಕೂಗಬೇಕಾಯಿತು. ಸೀರೆಯ ಸರಬರ ಕೇಳಿಸಿತು, ಚಾಪೆಯ ಮೇಲೆ ಹೆಜ್ಜೆ ಕೇಳಿಸಿತು. ಅವಳ ಮುಖ ಹೇಗಿದೆಯೆಂದು ನೋಡಲು ಎಲ್ಲರೂ ತಿರುಗಿದರು. ನಾನು ಕಣ್ಣು ಮುಚ್ಚಿಕೊಂಡೆ.